ಏಳು ತಿರುವಿಗೆ ಏಳು ಹಲಗೆ

ಬೆಳಗಿನ ಐದೂವರೆ. ನಾಲ್ಕು ಮಹಡಿಯ ಹಳೇ ಕಟ್ಟಡ. ಮೆಟ್ಟಿಲಿನ ಮೂರನೇ ತಿರುವಿನಲ್ಲಿ ಗೇಣಕ್ಕ ಗೋಡೆಗೆ ಕಿವಿಯಾನಿಸಿ ನಿಂತಿದ್ದಾರೆ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾರೆ, ಒಂದಿಷ್ಟು ಪಕ್ಕಕ್ಕೆ ಸರಿದು ಮತ್ತೆ ತಟ್ಟುತ್ತಾರೆ. "ಡಬ್ ಅಂದ್ರೆ ಪೊಳ್ಳು, ಟಕ್ ಅಂದ್ರೆ ಗಟ್ಟಿ ಇಟ್ಟಿಗೆ. ಟಕ್ ಅಂದ ಕಡೆ ಮೊಳೆ ಹೊಡೀಬೇಕು. ಹೊಡೆಯೋಕೆ ಆಗಲ್ವಲ್ಲ, ಗೋಡೆ ಆಚೆ ರಾತ್ರಿ ಪಾಳಿ ಮುಗಿಸಿ ಬಂದೋರು ಈಗ ತಾನೇ ಮಲಗಿದ್ದಾರೆ," ಎಂದು ಪಿಸುಗುಟ್ಟಿ, ಕೈಯಿಂದ ತಿರುಗಿಸುವ ಬೈರಿಗೆಯನ್ನು ಗೋಡೆಗೆ ಒತ್ತುತ್ತಾರೆ. ಬೈರಿಗೆ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು ಮಾಡುತ್ತದೆ. ಕೆಂಪು ಪುಡಿ ಅವರ ಮುಂಗೈ ಮೇಲೆ ಉದುರುತ್ತದೆ.

ಮೊಳೆ ಸಡಿಲಾಗಿದ್ದರಿಂದ ಗೋಡೆಗೆ ಮತ್ತೆ ಕೂರಿಸುತ್ತಿರುವುದು ಮೂರಡಿ ಉದ್ದದ ಒಂದು ಹಲಗೆ. ಕೀಲಿನ ಮೇಲೆ ಮಡಿಸಿದರೆ ಗೋಡೆಗೆ ಅಂಟಿಕೊಳ್ಳುತ್ತದೆ, ಬಿಚ್ಚಿದರೆ ಇಬ್ಬರು ಮಕ್ಕಳು ಒತ್ತಾಗಿ, ಮೂವರು ಜಗಳವಾಡಿಕೊಂಡು ಕೂತು ಬರೆಯುವ ಮೇಜು. ಈ ಮೆಟ್ಟಿಲಿಗೆ ಏಳು ತಿರುವು, ಏಳು ಹಲಗೆ. ಕಟ್ಟಡದ ಮೂವತ್ತೆರಡು ಮನೆಗಳ ಹತ್ತೊಂಬತ್ತು ಮಕ್ಕಳು ಓದುವುದು ಇಲ್ಲೇ. ಈ ಶನಿವಾರ ವಸತಿ ಕಚೇರಿಯ ತಪಾಸಣಾಧಿಕಾರಿ ಬರುತ್ತಾರೆ. ಕೆಳಗಡೆ ಗೋಡೆಗೆ ಅಂಟಿಸಿದ ನೋಟಿಸು ಸ್ಪಷ್ಟವಾಗಿದೆ: ಮೆಟ್ಟಿಲಿನ ದಾರಿಗೆ ಅಡ್ಡವಾಗಿರುವ ಎಲ್ಲ ವಸ್ತುಗಳನ್ನೂ ಕಿತ್ತುಹಾಕಲಾಗುವುದು.

"ವಸ್ತುಗಳಂತೆ," ಎನ್ನುತ್ತಾ ಗೇಣಕ್ಕನ ಅತ್ತೆ ಎರಡೂ ಕೈಯಲ್ಲಿ ಚೀಲ ಹಿಡಿದು ಮೇಲಿನಿಂದ ಇಳಿಯುತ್ತಾರೆ. ವಯಸ್ಸು ಎಪ್ಪತ್ತೊಂದು, ಮಾತಿಗೆ ಹದಿನೇಳು. "ನಾನೂ ಇಲ್ಲೇ ಬಿಸಿಲು ಕಾಯಿಸ್ತಾ ಕೂತಿರ್ತೀನಿ. ನನ್ನನ್ನೂ ಕೀಳ್ತಾರಾ ಕೇಳು."

"ಅತ್ತೆ, ಮೆಲ್ಲಗೆ. ಜನ ಮಲಗಿದ್ದಾರೆ."

"ಮಲಗಿದೋರು ಎದ್ದಿದ್ದರೆ ನೋಟಿಸು ಎಲ್ಲಿ ಬರ್ತಿತ್ತೇ?" ಎಂದು ಸೊಸೆಯ ಭುಜ ಸವರಿಕೊಂಡೇ ಅವರು ದಾಟಿ ಹೋಗುತ್ತಾರೆ.

ಗೇಣಕ್ಕನಿಗೆ ನಲವತ್ತನಾಲ್ಕು. ಬಡಗಿ. ಕಿವಿಯ ಹಿಂದೆ ಪೆನ್ಸಿಲು, ತಲೆಗೆ ಬಿಗಿದ ವಸ್ತ್ರ, ಎಡಗೈ ಹೆಬ್ಬೆರಳಿನ ಉಗುರು ಅರ್ಧ ಮಾತ್ರ. ಹುಟ್ಟಿದಾಗ ಇಟ್ಟ ಹೆಸರು ಕಟ್ಟಡದಲ್ಲಿ ಯಾರಿಗೂ ನೆನಪಿಲ್ಲ, ಅವರ ಗಂಡನೂ ಗೇಣಕ್ಕ ಎಂದೇ ಕರೆಯುತ್ತಾನೆ. ಮಕ್ಕಳನ್ನು ಅವರು ಅಳೆಯುವುದು ಟೇಪಿನಿಂದಲ್ಲ, ಗೇಣಿನಿಂದ. "ಟೇಪು ತೆಗೆದ್ರೆ ಸಾಕು, ಮಕ್ಕಳು ಉಬ್ಬಿಬಿಡ್ತವೆ. ಹಿಮ್ಮಡಿ ಎತ್ತಿ, ಕತ್ತು ನೀಟಿ, ಉಸಿರು ಬಿಗಿಹಿಡಿದು ನಿಂತ್ಕೋತವೆ. ಮೊದಮೊದಲು ನಾನು ಮಾಡಿದ ಮೇಜೆಲ್ಲ ಎರಡು ಬೆರಳು ಎತ್ತರ. ಯಾಕೆ ಅಂತ ತಿಳಿಯೋಕೆ ವರ್ಷ ಹಿಡೀತು. ಈಗ ಬೆನ್ನ ಮೇಲೆ ಗೇಣು ಹಾಕ್ತೀನಿ. ಕಚಗುಳಿ ಆಗಿ ನಗ್ತವೆ. ನಗೋ ಮಗು ಸುಳ್ಳು ಎತ್ತರ ತೋರ್ಸಲ್ಲ."

ಕೆಲಸ ಕಲಿತದ್ದು ಸೋದರಮಾವನ ಅಂಗಡಿಯಲ್ಲಿ. ಮಾವ ಸರಕು ತುಂಬುವ ಮರದ ಪೆಟ್ಟಿಗೆ ಮಾಡುತ್ತಿದ್ದ. ಒಂಬತ್ತು ವರ್ಷದ ಸೋದರಸೊಸೆ ಹಳೇ ಪೆಟ್ಟಿಗೆಗಳ ಮೊಳೆ ಕಿತ್ತು, ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿಕೊಡಬೇಕು. ದಿನಕ್ಕೆ ನಾನೂರು ಮೊಳೆ. ಮಿಕ್ಕ ಹೊತ್ತಿನಲ್ಲಿ ಒಂದು ಪೆಟ್ಟಿಗೆಯನ್ನು ಬೋರಲು ಹಾಕಿಕೊಂಡು ಓದು. "ಗಿರಾಕಿ ಬಂದ್ರೆ ನನ್ನ ಮೇಜು ಮಾರಾಟ ಆಗ್ಬಿಡ್ತಿತ್ತು. ಪುಸ್ತಕ ತೊಡೆ ಮೇಲಿಟ್ಕೊಂಡು ಇನ್ನೊಂದು ಪೆಟ್ಟಿಗೆ ತಯಾರಾಗ್ಲಿ ಅಂತ ಕಾಯ್ತಾ ಕೂರೋದು. ವ್ಯಾಪಾರ ಜೋರಾಗಿದ್ದ ವರ್ಷ ನಾನು ಏಳನೇ ತರಗತೀಲಿ ನಪಾಸು," ಎಂದು ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕೇಳಿದವರಿಗೂ ನಗು ಬರುತ್ತದೆ. ಒಂದು ಹುಡುಗಿಯ ಓದು ಹಾಗೆ ಪೆಟ್ಟಿಗೆಯ ಜೊತೆ ಲಾರಿ ಹತ್ತಿ ಹೋಯಿತಲ್ಲ ಎಂದು ಹೊಳೆಯುವುದು ಆಮೇಲೆ.

ಏಳೂವರೆಗೆ ಗೇಣಕ್ಕ ಹತಾರದ ಚೀಲ ಹೆಗಲಿಗೇರಿಸಿ ಬಸ್ಸು ಹಿಡಿಯುತ್ತಾರೆ. ಹೊಟ್ಟೆಪಾಡು ಇರುವುದು ಊರಾಚೆಯ ಗುಡ್ಡದ ಮೇಲೆ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಸಿರಿವಂತರಿಗಾಗಿ ಅಲ್ಲಿ ಹೊಸ ಮಾದರಿಯ ಮನೆಗಳು ಏಳುತ್ತಿವೆ. ಒಂದೊಂದು ಮನೆಯೂ ಒಂದೊಂದು ಶಾಲೆ. ಹೋದ ವರ್ಷ ಗೇಣಕ್ಕ ಮುಗಿಸಿದ ಮನೆಯಲ್ಲಿ ಕಲಿಕೆಗೆಂದೇ ಹನ್ನೊಂದು ಕೋಣೆಗಳು. ಬಾವಿಯಂತೆ ದುಂಡಗೆ ಇಳಿಯುವ ಪುಸ್ತಕದ ಕೋಣೆ. ಪುಟಾಣಿ ತೊಟ್ಟಿ, ಪುಟಾಣಿ ನಲ್ಲಿಗಳ ಪ್ರಯೋಗಶಾಲೆ. ಮಲಗಿ ನಕ್ಷತ್ರ ನೋಡಲು ಗಾಜಿನ ಸೂರು. ಸದ್ದು ಹೊರಗೆ ಹೋಗದ, ಒಳಗೂ ಬಾರದ ಮೌನದ ಕೋಣೆ. ಅದರ ಬಾಗಿಲು ಹಾಕಿಕೊಂಡರೆ ನಮ್ಮ ಎದೆಬಡಿತ ನಮಗೇ ಕೇಳುತ್ತದೆ. ನಾಟಕವಾಡಲು ಪರದೆ ಸಮೇತ ರಂಗಮಂಚವೂ ಉಂಟು. ನೋಡುವವರು ಯಾರು ಎಂದು ಕೇಳಬೇಡಿ. ಇಷ್ಟೆಲ್ಲ ಇಬ್ಬರು ಮಕ್ಕಳಿಗೆ.

"ಆ ಮನೆ ಚೆನ್ನಾಗಿದೆ. ಚೆನ್ನಾಗಿಲ್ಲ ಅಂತ ನಾನ್ಯಾಕೆ ಹೇಳ್ಲಿ? ನಾನೇ ಮಾಡಿದ್ದು," ಎನ್ನುವಾಗ ಗೇಣಕ್ಕನ ಧ್ವನಿಯಲ್ಲಿ ಕೊಂಕಿಲ್ಲ. ಪುಸ್ತಕದ ಬಾವಿಯ ಬಾಗಿದ ಕಪಾಟುಗಳನ್ನು ಜೋಡಿಸಲು ಅವರಿಗೆ ಐದು ತಿಂಗಳು ಹಿಡಿಯಿತು. ಒಂದು ಕೂದಲೂ ತೂರದ ಸಂದು. ಹೋದಾಗಲೆಲ್ಲ ಅಂಗೈಯಿಂದ ಒಮ್ಮೆ ಸವರಿ ಬರುತ್ತಾರೆ.

ಎಡವಟ್ಟಾದದ್ದು ನಡುಮನೆಯ ದೊಡ್ಡ ಮೇಜಿನಲ್ಲಿ. ಇಬ್ಬರು ಮಕ್ಕಳು ಎದುರುಬದುರು ಕೂತು ಓದುವ ಮೇಜು. ಕಲ್ಲಿನ ಕಾಲು, ಮರದ ಮೈ, ಪಕ್ಕದಲ್ಲೇ ಕಲ್ಲಿನ ಆಸನ. ಎಲ್ಲವನ್ನೂ ನೆಲದೊಳಗೆ ಹೂತು ಕಟ್ಟಬೇಕು. ಆರ್ಕಿಟೆಕ್ಟು ಮಕ್ಕಳನ್ನು ನಿಲ್ಲಿಸಿ, ಮೊಣಕಾಲು, ಮೊಣಕೈ, ಸೊಂಟ ಎಲ್ಲ ಅಳೆದು ನಕ್ಷೆ ಬರೆದಿದ್ದರು. ಎರಡನೇ ತಿಂಗಳಲ್ಲೇ ಗೇಣಕ್ಕ ಬಾಯಿಬಿಟ್ಟರು: "ಸಾರ್, ಮಕ್ಕಳು ಬೆಳೀತವಲ್ಲ?"

"ಅಕ್ಕ, ಡ್ರಾಯಿಂಗಲ್ಲಿ ಇದ್ದ ಹಾಗೆ ಮಾಡಿ."

"ಡ್ರಾಯಿಂಗಲ್ಲಿರೋ ಮಗು ಬೆಳೆಯಲ್ಲ ಸಾರ್. ಹೊರಗಿರೋದು ಬೆಳೆಯುತ್ತೆ."

"ಅದನ್ನ ನಮಗೆ ಬಿಡಿ."

ಬಿಟ್ಟರು. ಮನೆ ಮುಗಿಯಲು ಹತ್ತೊಂಬತ್ತು ತಿಂಗಳು ಹಿಡಿಯಿತು. ಮೊದಲ ದಿನ ನೆಂಟರಿಷ್ಟರ ಮುಂದೆ ಮಕ್ಕಳು ಓಡಿಬಂದು ಕಲ್ಲಿನ ಆಸನದಲ್ಲಿ ಕೂತರೆ, ಮೊಣಕಾಲು ಮೇಜಿನಡಿಗೆ ಹೋಗಲೇ ಇಲ್ಲ. ದೊಡ್ಡದು ಅಡ್ಡಡ್ಡ ಕೂತಿತು, ಚಿಕ್ಕದು ಕಾಲು ಸಿಕ್ಕಿಸಿಕೊಂಡು ಅಳತೊಡಗಿತು. ಆರ್ಕಿಟೆಕ್ಟರ ಮುಖ ಇಂಗು ತಿಂದ ಮಂಗನ ಹಾಗೆ. ತಪ್ಪು ಯಾರದ್ದು? ಬಡಗಿಯದ್ದು! ಕಲ್ಲು ಎತ್ತರಿಸಲು ಬರುವುದಿಲ್ಲ, ಕಿತ್ತರೆ ನೆಲವೇ ಏಳುತ್ತದೆ. ಗೇಣಕ್ಕ ಒಂದು ದಿನ ಸುಮ್ಮನೆ ಆ ಮೇಜಿನ ಮುಂದೆ ಕೂತರು. ಮರುದಿನ ಮೇಜಿನಡಿಯ ನೆಲವನ್ನು ಅಗೆಸಿ, ಒಂದೂವರೆ ಅಡಿ ಆಳದ ಗುಂಡಿ ತೆಗೆಸಿ, ಅದರೊಳಗೆ ಆರು ಪದರ ಹಲಗೆ ಜೋಡಿಸಿದರು. ಮಕ್ಕಳು ಬೆಳೆದಂತೆ ಒಂದೊಂದೇ ಪದರ ತೆಗೆಯುವುದು. ಮೇಜು ಏಳದಿದ್ದರೆ ನೆಲ ಇಳಿಯಲಿ ಎಂಬ ಲೆಕ್ಕ.

ನೀವೀಗ ಓದುತ್ತಿರುವ ಇದೇ ಪುರವಣಿಯ ನುಣುಪು ಪುಟದಲ್ಲಿ ಹಿಂದೊಮ್ಮೆ ಆ ಮೇಜಿನ ಚಿತ್ರ ಬಂದಿದೆ. "ಮಗುವಿನೊಡನೆ ಬೆಳೆಯುವ ನೆಲ" ಎಂದು ತಲೆಬರಹ, ಕೈಕಟ್ಟಿ ನಿಂತ ಆರ್ಕಿಟೆಕ್ಟು, ಅವರ ಆರು ಸಾಲಿನ ಚಿಂತನೆ. ಗೇಣಕ್ಕನ ಹೆಸರು ಬಿಡಿ, ಕಸುಬಿನ ಹೆಸರೂ ಇಲ್ಲ. ಅತ್ತೆ ಕನ್ನಡಕ ಏರಿಸಿ ಚಿತ್ರವನ್ನು ಮೂಲೆಮೂಲೆ ಜಾಲಾಡಿದರಂತೆ. "ಇದ್ರಲ್ಲಿ ನೀನೆಲ್ಲಿದ್ದೀಯೇ?"

"ಆ ಹಲಗೆ ಕೆಳಗೆ, ಅತ್ತೆ."

"ಹೊರಗೆ ಬಾ ಮಾರಾಯ್ತಿ, ಉಸಿರು ಕಟ್ಟೀತು."

ಕೆಲವು ವಾರ ಕಳೆದ ಮೇಲೆ ಆ ಮನೆಯೊಡತಿಯೇ ಫೋನು ಮಾಡಿದರು. ಮಕ್ಕಳಿಗೆ ತಾನೇ ಪಾಠ ಹೇಳುವ ತಾಯಿ, ಒಳ್ಳೇ ಹೆಂಗಸು, ದಣಿದಿದ್ದರು. ಹನ್ನೊಂದು ಕೋಣೆ ಇದ್ದರೂ ಮಕ್ಕಳು ಎಲ್ಲೂ ನಿಲ್ಲುವುದಿಲ್ಲವೆಂದು ಅವರ ಗೋಳು. ಗೇಣಕ್ಕ ತಮ್ಮ ಮಾಮೂಲಿ ಉಪಾಯ ಹೂಡಿದರು. ಯಾವ ಮನೆಗೆ ಹೋದರೂ ಹತಾರ ಮುಟ್ಟುವ ಮುಂಚೆ ಅವರಿಗೊಂದು ಇಡೀ ದಿನ ಬೇಕು. ಕೈಯಲ್ಲಿ ಸೀಮೆಸುಣ್ಣ. ಮಗು ಯಾರೂ ಹೇಳದೆ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲೊಂದು ಗುರುತು. ಸಂಜೆಗೆ ಗುರುತು ಎಣಿಸಿದರೆ ಹನ್ನೊಂದು ಕೋಣೆಗೆ ಸೇರಿ ಎರಡು, ಅಡುಗೆಮನೆಯೊಂದಕ್ಕೇ ಹದಿನಾಲ್ಕು. ತರಕಾರಿ ಹೆಚ್ಚುವ ಕಟ್ಟೆಯ ಪಕ್ಕ, ಬಟ್ಟೆ ಒಗೆಯುವ ಯಂತ್ರದ ಮೇಲೆ, ತೋಟದವನು ಕೊಳವೆ ರಿಪೇರಿ ಮಾಡುತ್ತಿದ್ದ ಹಿಂಬಾಗಿಲಲ್ಲಿ.

"ಮಕ್ಕಳು ಓದೋಕೆ ಜಾಗ ಹುಡುಕಲ್ಲಮ್ಮ, ಜನ ಹುಡುಕ್ತವೆ. ಯಾರಾದ್ರೂ ದೊಡ್ಡೋರು ತಮ್ಮ ಪಾಡಿಗೆ ತಾವು ಕೆಲಸ ಮಾಡ್ತಿರ್ಬೇಕು, ಕರೆದ್ರೆ ಓ ಅನ್ಬೇಕು. ಅಷ್ಟೇ," ಎಂದರು ಗೇಣಕ್ಕ.

ಮನೆಯೊಡತಿ ಸುಣ್ಣದ ಗುರುತುಗಳನ್ನು ನೋಡುತ್ತಾ ನಿಂತರಂತೆ. ಆಮೇಲೆ ಜೋರಾಗಿ ನಕ್ಕು, "ಇದನ್ನ ಮುಂಚೆ ಹೇಳಬಾರದಿತ್ತೇನಕ್ಕ?" ಎಂದರಂತೆ.

"ಮುಂಚೆ ನನ್ನನ್ನ ಯಾರು ಕೇಳಿದ್ರಮ್ಮ?"

ಅಡುಗೆಮನೆಯ ಗೋಡೆಗೆ ಈಗ ಒಂದು ಮಡಿಸುವ ಹಲಗೆ ಇದೆ. ಮೆಟ್ಟಿಲಿನ ಹಲಗೆಯ ಒಡಹುಟ್ಟು; ಮರವೊಂದು ಮಾತ್ರ ಬೇರೆ.

ಗೇಣಕ್ಕ ಅದೇ ಸುಣ್ಣದ ಕಡ್ಡಿಯನ್ನು ನಾಲ್ಕು ವರ್ಷದ ಹಿಂದೆ ತಮ್ಮ ಕಟ್ಟಡದಲ್ಲೇ ಆಡಿಸಿದ್ದರು. ಇಲ್ಲಿ ಒಂದೊಂದು ಮನೆಯೂ ಒಂದೊಂದು ಕೋಣೆ. ಹತ್ತಿರದ ಶಾಲೆಯಲ್ಲಿ ಜಾಗ ಸಾಲದೆ ಅರ್ಧ ದಿನದ ಪಾಳಿ. ಮಿಕ್ಕರ್ಧ ದಿನದ ಪಾಠ ಮನೆಯಲ್ಲೇ ಆಗಬೇಕು. ಮನೆಯಲ್ಲಿ ರಾತ್ರಿ ಪಾಳಿಯ ಅಪ್ಪ ಮಲಗಿರುತ್ತಾನೆ, ಒಲೆ ಉರಿಯುತ್ತಿರುತ್ತದೆ, ಹೊಲಿಗೆ ಯಂತ್ರ ಓಡುತ್ತಿರುತ್ತದೆ. ಹಾಗಾಗಿ ಸುಣ್ಣದ ಗುರುತುಗಳೆಲ್ಲ ಮೆಟ್ಟಿಲ ಮೇಲೆ ಬಿದ್ದವು. ತಿರುವಿನ ಕಿಟಕಿಯಿಂದ ಬೆಳಕು ಬರುತ್ತದೆ, ಗಾಳಿ ಆಡುತ್ತದೆ, ದೊಡ್ಡವರು ಹತ್ತಿ ಇಳಿಯುತ್ತಿರುತ್ತಾರೆ. ಮಕ್ಕಳು ಮೆಟ್ಟಿಲನ್ನೇ ಮೇಜು ಮಾಡಿಕೊಂಡು ಮೊಣಕಾಲೂರಿ ಬರೆಯುತ್ತಿದ್ದರು. ಗೇಣಕ್ಕ ಹಲಗೆ ಹಾಕಿದರು. ಕೆಳಗಿನ ತಿರುವಿನ ಹಲಗೆ ಎಲ್ಲಕ್ಕಿಂತ ತಗ್ಗು, ಮೇಲಿನದು ಎಲ್ಲಕ್ಕಿಂತ ಎತ್ತರ. ಮಗು ಬೆಳೆದರೆ ಹಲಗೆ ಬದಲಾಯಿಸುವುದಿಲ್ಲ, ಮಗುವೇ ಒಂದು ತಿರುವು ಮೇಲಕ್ಕೆ ಹತ್ತುತ್ತದೆ. "ನಾನು ಈಗ ಐದನೇ ತಿರುವು," ಎಂದು ಹೇಳುವ ಗತ್ತು ನೋಡಬೇಕು.

ಹಲಗೆ ಬಂದ ಹಿಂದೆಯೇ ಮಕ್ಕಳು ಸುಂಕದ ಪದ್ಧತಿ ತಂದರು. ಹತ್ತುವ ದೊಡ್ಡವರು ಪ್ರತಿ ತಿರುವಿನಲ್ಲೂ ಒಂದು ಪ್ರಶ್ನೆಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಗೊತ್ತಿಲ್ಲದಿದ್ದರೆ ಗಟ್ಟಿಯಾಗಿ "ಗೊತ್ತಿಲ್ಲ" ಎಂದು ಒಪ್ಪಿಕೊಂಡು, ಮರುದಿನ ಉತ್ತರ ತರಬೇಕು. ಎರಡನೇ ಮಹಡಿಯ ನರ್ಸಮ್ಮ ರಕ್ತ ಯಾಕೆ ಕೆಂಪು ಎಂದು ಹೇಳಿ ಹತ್ತುತ್ತಾರೆ. ಮೂರನೇ ಮಹಡಿಯ ಕಂಡಕ್ಟರ್ ಮಾಮ ಭಿನ್ನರಾಶಿಯ ರಾಜ. ಬೆಳಕು ಎಷ್ಟು ಬೇಗ ಓಡುತ್ತದೆ ಎಂದು ಕೇಳಿದ ದಿನ ಮಾತ್ರ, "ನನ್ನ ಬಸ್ಸಿಗಿಂತ ಬೇಗ ಕಣ್ರಪ್ಪ, ಅಷ್ಟಂತೂ ಖಾತ್ರಿ," ಎಂದು ನುಸುಳಿಕೊಂಡರು. ಅಂತೂ ದಿನಕ್ಕೆ ಅರವತ್ತು ಎಪ್ಪತ್ತು ಪ್ರಶ್ನೆ. "ದೊಡ್ಡೋರ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು ಕೇಳೋಕೆ ಮಕ್ಕಳಿಗೆ ಅದೇನು ಖುಷಿಯೋ! ಕೇಕೆ ಹಾಕ್ತವೆ," ಎನ್ನುತ್ತಾರೆ ಗೇಣಕ್ಕ. "ನಾನಂತೂ ದಿನಾ ಮೂರು ಸಲ ಗೊತ್ತಿಲ್ಲ ಅಂತೀನಿ. ಹಾಗೇ ಅಂದೂ ಅಂದೂ ಹತ್ತನೇ ತರಗತಿ ಪಾಠ ಮುಗ್ಸಿದ್ದೀನಿ."

ಆ ಒಂದು ಮಾತು ಹೇಳಲಾಗದವರು ನಾಲ್ಕನೇ ಮಹಡಿಯಲ್ಲಿದ್ದಾರೆ. ನಿವೃತ್ತ ಗುಮಾಸ್ತರು, ಅಕ್ಷರ ಬಲ್ಲವರು, ಮಂಡಿನೋವಿನವರು. ಚಂದ್ರ ಹಗಲಲ್ಲೂ ಯಾಕೆ ಕಾಣುತ್ತಾನೆ ಎಂದು ಆರನೇ ತಿರುವಿನ ಹುಡುಗಿಯರು ಕೇಳಿದಾಗ ಅವರು ಕೆಮ್ಮಿದರು. ಮರುದಿನ ಕೇಳಿದಾಗ ಗದರಿದರು. ಮೂರನೇ ದಿನ "ದಾರಿ ಬಿಡಿ" ಎಂದರು. ಹದಿನೈದು ದಿನಕ್ಕೆ ನೋಟಿಸು ಬಂತು. ದೂರು ಯಾರು ಬರೆದದ್ದೆಂದು ಮೂವತ್ತೆರಡು ಮನೆಗೂ ಗೊತ್ತು. ಯಾರೂ ಬಾಯಿಬಿಡುವುದಿಲ್ಲ. "ಪಾಪ, ಅವರದ್ದೂ ಪೂರ್ತಿ ತಪ್ಪಲ್ಲ. ಮಂಡಿ ನೋಯೋವಾಗ ಏಳು ಕಡೆ ನಿಲ್ಸಿದ್ರೆ ಯಾರಿಗೆ ಸಿಟ್ಟು ಬರಲ್ಲ?" ಎಂದು ಗೇಣಕ್ಕ ಅವರ ಪರವೇ ಮಾತಾಡುತ್ತಾರೆ.

ಸಿಟ್ಟು ಬರಬೇಕಾದ ಕಡೆ ಬೇರೆ ಇದೆ. ಗುಡ್ಡದ ಮೇಲೆ ಇಬ್ಬರು ಮಕ್ಕಳಿಗೆ ಹನ್ನೊಂದು ಕೋಣೆ. ಕೆಳಗೆ ಹತ್ತೊಂಬತ್ತು ಮಕ್ಕಳಿಗೆ ಏಳು ಹಲಗೆ. ಅಳತೆಪಟ್ಟಿ ಹಿಡಿದು ತಪಾಸಣೆಗೆ ಬರುವುದು ಯಾವ ಮನೆಗೆ? ಗುಡ್ಡದ ಮೇಲೆ ಖಾಲಿ ಬಿದ್ದ ರಂಗಮಂಚ ಯಾವ ಕಚೇರಿಯ ಕಣ್ಣಿಗೂ ಅಡ್ಡಿಯಲ್ಲ; ಇಲ್ಲಿ ಮಗುವೊಂದು ಮೊಣಕೈ ಊರುವ ಒಂದಡಿ ನಾಲ್ಕಿಂಚು ಅಗಲದ ಮರ ಅಡ್ಡಿ! ಶಾಲೆಗೆ ಕೋಣೆ ಕಟ್ಟದವರಿಗೆ ನೋಟಿಸು ಕೊಡುವವರು ಯಾರೆಂದು ಈ ಮೆಟ್ಟಿಲ ಮಕ್ಕಳು ಸುಂಕ ಕೇಳಿದರೆ ಉತ್ತರ ಹೇಳಿ ಹತ್ತಬಲ್ಲವರು ಯಾರಿದ್ದಾರೆ?

ಶನಿವಾರ ಬೆಳಗ್ಗೆ ಹತ್ತು ಗಂಟೆ. ಯೋಜನೆ ಅತ್ತೆಯದು: ಏಳೂ ಹಲಗೆ ಮಡಿಸಿಬಿಡುವುದು, ಮಕ್ಕಳನ್ನು ಒಳಗೆ ಕೂಡಿ ಬಾಗಿಲು ಹಾಕುವುದು, ಕೇಳಿದರೆ ಅದು ಗೋಡೆಯ ಅಲಂಕಾರ ಎನ್ನುವುದು. "ಬಂದ, ನೋಡಿದ, ಹೋದ. ಮುಗೀತಲ್ಲ?" ಗೇಣಕ್ಕನಿಗೆ ಮನಸ್ಸಿಲ್ಲ. ಆದರೆ ಮೂವತ್ತೆರಡು ಮನೆಯವರೂ ಒಂದೇ ಮಾತು ಹೇಳಿದ ಮೇಲೆ ತಲೆಯಾಡಿಸಿದ್ದಾರೆ. ಮೊದಲ ತಿರುವಿನಲ್ಲಿ ಹತಾರದ ಚೀಲದ ಮೇಲೆ ಕೂತಿದ್ದಾರೆ.

ಅಧಿಕಾರಿ ಬರುತ್ತಾರೆ. ಐವತ್ತರ ಆಸುಪಾಸು, ಕಂಕುಳಲ್ಲಿ ಫೈಲು, ಸೊಂಟಕ್ಕೆ ಟೇಪು. ಗೇಣಕ್ಕನನ್ನು ಬಿಟ್ಟರೆ ಮೆಟ್ಟಿಲಲ್ಲಿ ಒಂದು ನರಪಿಳ್ಳೆ ಇಲ್ಲ. ಮೊದಲ ತಿರುವಿಗೆ ಅವರು ಕಾಲಿಡಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ಕಿರ್ರೆಂದು ಒಂದು ಗೇಣು ತೆರೆಯುತ್ತದೆ. ಆರು ವರ್ಷದ ಹುಡುಗಿಯ ತಲೆ ಹೊರಗೆ ಬರುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಕೂರುವುದೆಂದರೆ ಎಷ್ಟು ಹೊತ್ತು? ಅಪರಿಚಿತ ದೊಡ್ಡವರೊಬ್ಬರು ಸುಂಕ ಕೊಡದೆ ಹತ್ತಿಬಿಡುವುದನ್ನು ಅವಳಿಂದ ನೋಡಲಾಗಲಿಲ್ಲ.

"ಮಾಮ, ನಿಂತ್ಕೊಳ್ಳಿ. ಮರದೊಳಗೆ ನೀರು ಮೇಲಕ್ಕೆ ಹೇಗೆ ಹತ್ತುತ್ತೆ?"

ಅಧಿಕಾರಿ ನಿಂತರು. "ಏನು?"

"ನೀರು. ಬೇರಿಂದ ಎಲೆಗೆ. ಯಾರು ತಳ್ತಾರೆ?"

"ಅದು... ಅಂದ್ರೆ... ಯಾಕಮ್ಮಾ?"

"ಹೇಳದೆ ಹತ್ತೋ ಹಾಗಿಲ್ಲ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ, ಪರವಾಗಿಲ್ಲ."

ಒಳಗಿನಿಂದ ಒಂದು ಕೈ ಬಂದು ಹುಡುಗಿಯ ಬಾಯಿ ಮುಚ್ಚಿ ಎಳೆದುಕೊಳ್ಳುತ್ತದೆ. ಮೇಲಿನ ಮಹಡಿಯಿಂದ ಅತ್ತೆ ಹಣೆ ಚಚ್ಚಿಕೊಂಡ ಸದ್ದು ಕೆಳಗಿನವರೆಗೂ ಕೇಳುತ್ತದೆ. ಅಧಿಕಾರಿ ಗೋಡೆ ನೋಡುತ್ತಾರೆ, ಮಡಿಸಿದ ಹಲಗೆ ನೋಡುತ್ತಾರೆ, ಗೇಣಕ್ಕನನ್ನು ನೋಡುತ್ತಾರೆ. "ಇದೇನು?"

ಅಲಂಕಾರ ಎಂದುಬಿಟ್ಟರೆ ಆಯಿತು. ಅವರು ಬರೆದುಕೊಂಡು ಹೋಗಿಬಿಡುತ್ತಾರೆ. ಮುಂದಿನ ಸಲವೂ ಮುಚ್ಚಿಡಬೇಕು, ಅದರ ಮುಂದಿನ ಸಲವೂ. ಮಕ್ಕಳಿಗೆ ಕದ್ದು ಓದುವುದನ್ನು ಕಲಿಸಬೇಕು. ಗೇಣಕ್ಕ ಎದ್ದು ಕೊಂಡಿ ತಪ್ಪಿಸಿ ಹಲಗೆಯನ್ನು ಕೆಳಗಿಳಿಸುತ್ತಾರೆ.

"ಓದೋ ಮೇಜು ಸಾರ್. ನಾನೇ ಮಾಡಿದ್ದು. ಮೇಲೆ ಇನ್ನೂ ಆರಿವೆ. ಮಡಿಸಿಟ್ಟು ಅಳೆದ್ರೆ ಅದು ಅಳತೆ ಅಲ್ಲ. ಮಕ್ಕಳನ್ನ ಕೂರಿಸಿ ಅಳೀರಿ." ಆಮೇಲೆ ತಲೆಯೆತ್ತಿ ಮೆಟ್ಟಿಲ ನಡುವಿನ ಸಂದಿಗೆ ಕೂಗುತ್ತಾರೆ: "ಬನ್ರೋ ಎಲ್ಲಾ! ನಿಮ್ಮ ನಿಮ್ಮ ತಿರುವಲ್ಲಿ ಕೂತ್ಕೊಳ್ಳಿ!"

ಬಾಗಿಲುಗಳು ಒಂದರ ಹಿಂದೊಂದು ಧಡಧಡ ತೆರೆದುಕೊಳ್ಳುತ್ತವೆ. ಹತ್ತೊಂಬತ್ತು ಜೊತೆ ಕಾಲು, ಏಳು ಹಲಗೆ ಇಳಿಯುವ ಸದ್ದು.

ಅಧಿಕಾರಿ ನಗದೆ ಅಳೆಯುತ್ತಾರೆ. ಕೂತ ಮಗುವಿನ ಬೆನ್ನಿನಿಂದ ಎದುರಿನ ಕಂಬಿಯವರೆಗೆ ದಾರಿ ನಾಲ್ಕಡಿ ಇರಬೇಕು. ಟೇಪು ಹೇಳುವುದು ಮೂರಡಿ ಹತ್ತಿಂಚು. ಎರಡನೇ ತಿರುವಿನಲ್ಲೂ ಅಷ್ಟೇ, ಏಳನೆಯದರಲ್ಲೂ ಅಷ್ಟೇ.

"ಎರಡಿಂಚು ಕಮ್ಮಿ ಇದೆ. ನೀವು ಯಾವುದರ ಲೆಕ್ಕದಲ್ಲಿ ದಾರಿ ಬಿಟ್ರಿ?"

"ನಮ್ಮತ್ತೆ ಲೆಕ್ಕದಲ್ಲಿ ಸಾರ್. ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಇಳಿಯೋವಾಗ ಈ ಕಟ್ಟಡದಲ್ಲಿ ಎಲ್ಲರಿಗಿಂತ ಅಗಲ ಅವರೇ."

"ಯಾರೇ ಅಗಲ?" ಮೇಲಿನಿಂದ ಗುಡುಗು.

ಈಗ ಅಧಿಕಾರಿಗೂ ನಗು ತಡೆಯಲಾಗುವುದಿಲ್ಲ. ಆದರೂ ತಲೆಯಾಡಿಸುತ್ತಾರೆ. "ನಿಯಮ ಚೀಲಕ್ಕಲ್ಲಮ್ಮ, ಸ್ಟ್ರೆಚರಿಗೆ. ಕಾಯಿಲೆ ಬಿದ್ದೋರನ್ನ ಮಲಗಿಸಿ ಇಳಿಸ್ಬೇಕು. ತಿರುವಲ್ಲಿ ಹೊರಳೋಕೆ ನಾಲ್ಕಡಿ ಬೇಕೇ ಬೇಕು. ಎರಡಿಂಚಿಗೆ ಸಿಕ್ಕಿಹಾಕ್ಕೊಳ್ಳೋದನ್ನ ನಾನು ಕಣ್ಣಾರೆ ನೋಡಿದ್ದೀನಿ."

ಗೇಣಕ್ಕ ಮೇಲಕ್ಕೆ, ಎಪ್ಪತ್ತೊಂದರ ಅತ್ತೆ ಇರುವ ಕಡೆ ನೋಡುತ್ತಾರೆ. "ಹಾಗಾದ್ರೆ ಅದು ಸರಿಯಾದ ನಿಯಮ. ಆ ದಾರಿ ನಮಗೇ ಬೇಕಾಗೋದು," ಎಂದು ಚೀಲದಿಂದ ಗರಗಸ ತೆಗೆಯುತ್ತಾರೆ. "ಒಂದೂವರೆ ಗಂಟೆ ಕೂರ್ತೀರಾ ಸಾರ್?"

"ಈಗಲೇನಾ?"

"ಹಲಗೆ ಎರಡಿಂಚು ಸಣ್ಣ ಆದ್ರೆ ಮಗು ಎರಡಿಂಚು ಗೋಡೆ ಕಡೆ ಹೋಗುತ್ತೆ. ಪುಸ್ತಕದ ಅಂಚು ಹೊರಗೆ ಚಾಚುತ್ತೆ, ಚಾಚ್ಲಿ. ಓದೋದು ಒಳಗಿನ ಭಾಗ ತಾನೆ!"

ಗೆರೆ ಎಳೆಯುತ್ತಾರೆ, ಕೊಯ್ಯುತ್ತಾರೆ. ಹೊಟ್ಟು ಮೆಟ್ಟಿಲುದ್ದಕ್ಕೂ ಸುರಿಯುತ್ತದೆ. ಹಲಗೆ ಅಲುಗದಂತೆ ಮಕ್ಕಳು ಸರದಿಯಲ್ಲಿ ಹಿಡಿಯುತ್ತಾರೆ, ನರ್ಸಮ್ಮ ಮರಳು ಕಾಗದದಿಂದ ಅಂಚು ತಿಕ್ಕುತ್ತಾರೆ, ಅತ್ತೆ ಮುನಿಸಿಟ್ಟುಕೊಂಡೇ ಅಧಿಕಾರಿಗೆ ಚಹಾ ತಂದುಕೊಟ್ಟು, "ನೀವೇ ಹೇಳಿ, ನಾನು ಅಗಲ ಇದ್ದೀನಾ?" ಎಂದು ಪೀಡಿಸುತ್ತಾರೆ. ಅಧಿಕಾರಿ ಚಹಾದ ಲೋಟದೊಳಗೆ ಮುಖ ಹುದುಗಿಸುತ್ತಾರೆ.

ಆರನೇ ತಿರುವಿನ ಹಲಗೆಗೆ ಗರಗಸ ಇಟ್ಟಾಗ ಮೇಲಿನಿಂದ ಗುಮಾಸ್ತರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಅವರು ಹಲಗೆಯ ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಒತ್ತಿಹಿಡಿದು, ಗೋಡೆಗೆ ಹೇಳುವವರ ಹಾಗೆ ಹೇಳುತ್ತಾರೆ: "ಆ ಚಂದ್ರನ ವಿಷಯ... ನನಗೆ ಗೊತ್ತಿಲ್ಲ ಕಣ್ರಮ್ಮ."

ಆರನೇ ತಿರುವಿನ ಹುಡುಗಿಯರು ಹಾಕಿದ ಕೇಕೆಗೆ ಪಾಳಿ ಮುಗಿಸಿ ಮಲಗಿದವರೆಲ್ಲ ಎದ್ದು ಬಂದಿರಬೇಕು. ಗುಮಾಸ್ತರ ಕಿವಿ ಕೆಂಪಗಾಗಿದೆ. ಹಲಗೆ ಬಿಟ್ಟಿಲ್ಲ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅಧಿಕಾರಿ ಏಳೂ ತಿರುವುಗಳನ್ನು ಮತ್ತೊಮ್ಮೆ ಅಳೆಯುತ್ತಾರೆ. ನಾಲ್ಕಡಿ. ಒಂದು ಕಡೆ ನಾಲ್ಕಡಿಗೆ ಕೂದಲೆಳೆ ಹೆಚ್ಚೇ. ಫೈಲು ಬಿಚ್ಚಿ, "ಅಡಚಣೆ ಇಲ್ಲ. ಹಲಗೆಗಳನ್ನು ಇರುವಂತೆಯೇ ಉಳಿಸಿಕೊಳ್ಳಬಹುದು" ಎಂದು ಗಟ್ಟಿಯಾಗಿ ಓದುತ್ತಾ ಬರೆದು, ಸಹಿ ಮಾಡಿ, ಮೊಹರು ಒತ್ತುತ್ತಾರೆ. ಒತ್ತಿದ್ದು ಏಳನೇ ತಿರುವಿನ ಹಲಗೆಯ ಮೇಲಿಟ್ಟೇ. ಚಪ್ಪಾಳೆ ಮೇಲಿನಿಂದ ಕೆಳಗಿನವರೆಗೂ ಇಳಿದು ಹೋಗುತ್ತದೆ.

"ಷರಾ ಅಂತ ಒಂದು ಕಾಲಂ ಇದೆ. ನಿವಾಸಿಗಳು ಏನಾದ್ರೂ ಹೇಳೋದಿದ್ರೆ ಬರೀಬೇಕು. ಯಾರೂ ಏನೂ ಹೇಳಲ್ಲ, ಯಾವಾಗ್ಲೂ ಖಾಲಿನೇ ಹೋಗುತ್ತೆ. ನಿಮ್ಮದೇನಾದ್ರೂ ಇದೆಯಾ?"

ಗೇಣಕ್ಕ ಗರಗಸದ ಹಲ್ಲಿಗೆ ಹತ್ತಿದ ಹೊಟ್ಟನ್ನು ಬೆರಳಿಂದ ಒರೆಸುತ್ತಾರೆ. ಹಿಂದಿನ ಬಯಲಿನಲ್ಲಿ ಇದೇ ಕಚೇರಿ ಇನ್ನೆರಡು ಕಟ್ಟಡ ಕಟ್ಟಿಸುತ್ತಿದೆ. ಪಾಯ ತೋಡುವ ಕೆಲಸ ಕಿಟಕಿಯಿಂದ ಕಾಣುತ್ತದೆ.

"ಬರೀತೀರಾ? ನಿಜವಾಗ್ಲೂ?"

"ಬರೀತೀನಿ, ಹೇಳಿ."

"ಕೋಣೆ ದೊಡ್ಡದು ಮಾಡ್ಸಿ ಅಂತ ಬರೀರಿ. ಅದನ್ನ ಕೇಳಿ ಕೇಳಿ ನಮ್ಮತ್ತೆ ಹಲ್ಲೆಲ್ಲ ಉದುರಿವೆ, ಆದ್ರೂ ಬರೀರಿ. ಅದು ಆಗ್ಲಿಲ್ಲ ಅಂದ್ರೆ," ಅವರು ಕಿಟಕಿಯತ್ತ ಕೈತೋರುತ್ತಾರೆ, "ಅಲ್ಲಿ ಕಟ್ಟೋ ಮೆಟ್ಟಿಲ ತಿರುವಾದ್ರೂ ಅರ್ಧ ಅಡಿ ಹೆಚ್ಚು ಅಗಲ ಇರ್ಲಿ ಸಾರ್. ಹಲಗೆ ನಾನು ಹಾಕಿಕೊಡ್ತೀನಿ."